ರಾಡಿಗನ್ ಕಾರ್ಡಿನ ಅಂಚು

ಏಪ್ರಿಲ್ 4, ಗುರುವಾರ

ಶಾಲೆಯ ಅಡುಗೆಮನೆಯಲ್ಲಿದ್ದ ಇಪ್ಪತ್ತೆಂಟು ವರ್ಷವೂ ದಿನಾ ಮಧ್ಯಾಹ್ನ ಏನು ಮಿಕ್ಕಿತು, ಏನು ಸಾಲದೆ ಹೋಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನಿವೃತ್ತಿಯ ದಿನ ಅಂಥದೇ ಒಂದು ಖಾಲಿ ಪುಸ್ತಕವನ್ನು ಮನೆಗೆ ತಂದಿದ್ದೆ. ನನ್ನ ಗಂಡ ಮೈಲೊ ತೀರಿಕೊಂಡು ಹನ್ನೊಂದು ವಾರವಾದ ಮೇಲೆ ಇವತ್ತು ತೆರೆದೆ. ಮಿಕ್ಕಿದ್ದು ಬರೆಯುವುದಾದರೆ: ನಾನು, ಈ ಮನೆ, ಅಡುಗೆಮನೆಯ ಮೇಜಿನ ಮೇಲೆ ಕ್ಲೆಮ್ ರಾಡಿಗನ್.

ರಾಡಿಗನ್ 1934ರ ಬೇಸ್‌ಬಾಲ್ ಆಟಗಾರ. ಆ ಕಾಲದಲ್ಲಿ ಚೂಯಿಂಗ್ ಗಮ್ ಪೊಟ್ಟಣದೊಳಗೆ ಮಕ್ಕಳಿಗೆ ಸಿಗುತ್ತಿದ್ದ ಅವನ ಚಿತ್ರದ ದಪ್ಪ ರಟ್ಟಿನ ಕಾರ್ಡು ಇದು, ಅಂಗೈಗಿಂತ ಚಿಕ್ಕದು. ಹಳದಿ ಆಕಾಶ, ನೀಲಿ ಟೋಪಿ, ಹಲ್ಲುನೋವು ಬಂದವನ ಹಾಗೆ ಮುಖ. ಎಂಬತ್ತೈದು ವರ್ಷದ ಹಿಂದಿನದು ಎಂದರೆ ಯಾರೂ ನಂಬಲಾರರು, ಮೂಲೆಗಳು ಅಷ್ಟು ಚೂಪು. ಮೈಲೊ ಅದನ್ನು ನನಗೂ ಮುಟ್ಟಲು ಕೊಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಎರಡು ಸಲ ಹೇಳಿದ: "ರಾಡಿಗನ್‌ನ ಪರೀಕ್ಷೆಗೆ ಮಾತ್ರ ಕಳಿಸ್ಬೇಡ. ಮಾರೋದಾದ್ರೆ ಹಾಗೇ ಮಾರಿಬಿಡು."

ನಮ್ಮ ಮಗಳು ರೆನಾಟಾ ಡೆ ಮೊಯ್ನ್‌ನಿಂದ ಫೋನಿನಲ್ಲಿ ಬೇರೆಯೇ ಹೇಳುತ್ತಾಳೆ. ಇಂಥ ಕಾರ್ಡುಗಳನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ದರ್ಜೆ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುವ ಕಂಪನಿಗಳಿವೆಯಂತೆ. ಎಂಟು ಬಂದರೆ ಅದಕ್ಕೆ ಒಂದು ಕಾರಿನ ಬೆಲೆ. ನಾಲ್ಕು ಬಂದರೆ ಆ ಕಾರಿನ ಟೈರಿನ ಬೆಲೆ. ಪರೀಕ್ಷೆಯ ಶುಲ್ಕವೂ ಕಡಿಮೆಯಲ್ಲ, ವಾಪಸ್ಸು ಬರುವುದೂ ಇಲ್ಲ. ಆದ್ದರಿಂದ ಕಳಿಸುವ ಮೊದಲೇ ಕಳಿಸಲು ಯೋಗ್ಯವೇ ಎಂದು ನಿರ್ಧರಿಸಬೇಕು.

ನನಗೆ ಈ ರಟ್ಟಿನ ತುಂಡುಗಳ ವಿಷಯ ಏನೂ ಗೊತ್ತಿಲ್ಲ. ಜೀನ್‌ನನ್ನು ಕೇಳಬೇಕು.

ಏಪ್ರಿಲ್ 9, ಮಂಗಳವಾರ

ಜೀನ್ ಹೇವರ್‌ಕಾಂಪ್‌ನ ಕಾರ್ಡಿನ ಅಂಗಡಿಗೆ ಹೋಗಿದ್ದೆ. ಸೀಡರ್ ರ‍್ಯಾಪಿಡ್ಸ್‌ನಲ್ಲಿ ಅಂಥದ್ದು ಇನ್ನು ಅದೊಂದೇ ಉಳಿದಿರುವುದು. ಮೈಲೊ ಇಪ್ಪತ್ತಾರು ವರ್ಷ ಪ್ರತಿ ಗುರುವಾರ ಮುದ್ರಣಾಲಯದ ಕೆಲಸ ಮುಗಿಸಿ ಅಲ್ಲಿಗೆ ಹೋಗುತ್ತಿದ್ದ. ಅವನ ಕುರ್ಚಿ ಈಗಲೂ ಗಾಜಿನ ಕಪಾಟಿನ ಪಕ್ಕದಲ್ಲೇ ಇದೆ. ನಾನು ನಿಂತೇ ಇದ್ದೆ.

ಜೀನ್ ರಾಡಿಗನ್‌ನನ್ನು ಪ್ಲಾಸ್ಟಿಕ್ ಚೀಲದೊಳಗೇ ದೀಪದ ಕೆಳಗೆ ಹಿಡಿದ. ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೂ ಶುರುವಾಗಿದೆ. ನೋಡಬೇಕಾದ್ದು ನಾಲ್ಕು ಎಂದು ತಿಳಿಸಿದ: ಚಿತ್ರ ನಡುವೆ ಕೂತಿದೆಯೇ, ಮೂಲೆ ಮೊಂಡಾಗಿದೆಯೇ, ಮೇಲ್ಮೈ ಮೇಲೆ ಗೆರೆ ಮಡಿಕೆ ಇದೆಯೇ, ಅಂಚು ಹೇಗಿದೆ. ಅಂಚು ಕತ್ತರಿಸಿದ್ದೆಂದು ಗೊತ್ತಾದರೆ ಕಂಪನಿಯವರು ದರ್ಜೆಯನ್ನೇ ಹಾಕುವುದಿಲ್ಲವಂತೆ.

"ಏಳಂತೂ ಖಂಡಿತ," ಎಂದ. "ಎಂಟೂ ಬರಬಹುದು. ಮೈಲೊ ಯಾಕೆ ಬೇಡ ಅಂದ್ನೋ ನಂಗೆ ಅರ್ಥ ಆಗ್ತಿಲ್ಲ. ನಂಗೂ ಹಾಗೇ ಹೇಳೋನು. ತಡಿ, ಇನ್ನೂ ಬೆಲೆ ಏರ್ಲಿ ಅಂತ."

ಆಮೇಲೆ ಒಳಗಿನಿಂದ ಒಂದು ಉಕ್ಕಿನ ಪೆಟ್ಟಿಗೆ ತಂದ. ಹನ್ನೊಂದು ಕಾರ್ಡು. ಎಲ್ಲವೂ ಬೇರೆ ಬೇರೆ ವರ್ಷಗಳಲ್ಲಿ ಮೈಲೊನಿಂದಲೇ ಕೊಂಡದ್ದು, ಇಲ್ಲವೇ ಬದಲಾಯಿಸಿಕೊಂಡದ್ದು. ಇವೇ ನನ್ನ ಪಿಂಚಣಿ ಎಂದು ನಕ್ಕ. ಆಗಸ್ಟಿನಲ್ಲಿ ಅಂಗಡಿ ಮುಚ್ಚಿ ಟ್ಯೂಸಾನ್‌ಗೆ, ಮಗಳ ಹತ್ತಿರ ಹೋಗುತ್ತಾನೆ. ಹನ್ನೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳಿಸೋಣ ಎಂದ.

ಹೊರಡುವಾಗ ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ ಕೊಟ್ಟ. ಚೀಲದಿಂದ ತೆಗೆದು ನೀವೇ ಒಮ್ಮೆ ನೋಡಿ, ನಿಮ್ಮ ಕಣ್ಣು ಚೆನ್ನಾಗಿದೆ ಎಂದ.

ಏಪ್ರಿಲ್ 11, ಗುರುವಾರ

ಕೈ ತೊಳೆದು, ಒರೆಸಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತೆ. ಹೋಲಿಸಲು ಏನಾದರೂ ಇರಲಿ ಎಂದು ಮೈಲೊನ ಬೂಟಿನ ಡಬ್ಬಿಯಿಂದ ಅದೇ ವರ್ಷದ ಆರು ಸವೆದ ಕಾರ್ಡುಗಳನ್ನೂ ತೆಗೆದುಕೊಂಡೆ. ಮೂಲೆ ಹೋದವು, ಯಾವುದೋ ಮಗು ಮೀಸೆ ಬರೆದವು.

ಗೆರೆ ಇಲ್ಲ, ಮಡಿಕೆ ಇಲ್ಲ. ಅಂಚಿಗೆ ಬಂದೆ.

ಸವೆದ ಕಾರ್ಡುಗಳ ಅಂಚು ನಿನ್ನೆ ಬಿಚ್ಚಿಟ್ಟ ಬ್ರೆಡ್ಡಿನ ಹಾಗಿದೆ. ಕಂದು, ಮೆತ್ತಗೆ, ಎಳೆ ಎದ್ದದ್ದು. ರಾಡಿಗನ್‌ನ ಬಲಗಡೆಯ ಅಂಚು ಈಗಷ್ಟೇ ಕೊಯ್ದ ಬ್ರೆಡ್ಡಿನ ಹಾಗಿದೆ. ಬಿಳಿ. ಇಪ್ಪತ್ತೆಂಟು ವರ್ಷ ದಿನಾ ನಲವತ್ತು ಬ್ರೆಡ್ಡು ಕೊಯ್ದವಳಿಗೆ ಅದೊಂದು ಗೊತ್ತಾಗುತ್ತದೆ.

ಸವೆದ ಆರನ್ನೂ ರಾಡಿಗನ್‌ನನ್ನೂ ಸೇರಿಸಿ ಅಡ್ಡಲಾಗಿ ನಿಲ್ಲಿಸಿ, ಮೇಜಿಗೆ ಮೆಲ್ಲಗೆ ತಟ್ಟಿ ಸಮ ಮಾಡಿದೆ. ಆರರ ತಲೆಯೂ ಒಂದೇ ಮಟ್ಟ. ನಡುವೆ ರಾಡಿಗನ್ ಒಂದು ಕೂದಲೆಳೆಯಷ್ಟು ಕೆಳಗೆ.

ಜಾಗ ಬದಲಾಯಿಸಿ ಮತ್ತೆ ತಟ್ಟಿದೆ. ಆಗಲೂ ಅಷ್ಟೇ.

ಯಾರೋ ಸವೆದ ಅಂಚು ಕತ್ತರಿಸಿ, ಅವನಿಗೆ ಮೋಸ ಮಾಡಿ ಮಾರಿದ್ದಾರೆ. ಪಾಪ, ಮೈಲೊಗೆ ಗೊತ್ತಿತ್ತೋ ಇಲ್ಲವೋ.

ಏಪ್ರಿಲ್ 12, ಶುಕ್ರವಾರ

ಎಲ್ಲಿ ಕೊಂಡದ್ದೆಂಬ ಚೀಟಿ ಸಿಗಬಹುದೆಂದು ಬೆಳಿಗ್ಗೆ ನೆಲಮಾಳಿಗೆಗೆ ಇಳಿದೆ. ಜನವರಿಯಿಂದ ಇಳಿದಿರಲಿಲ್ಲ. ಮೈಲೊನ ಕೆಲಸದ ಮೇಜು ಹಾಗೇ ಇದೆ. ಕೆಳಗಿನ ಖಾನೆಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ.

ಅದರಲ್ಲಿ ಮೇಣದ ಕಾಗದದಲ್ಲಿ ಸುತ್ತಿದ ಬ್ಲೇಡುಗಳು. ಒಂದು ದಪ್ಪ ಗಾಜಿನ ಹಲಗೆ. ಉಕ್ಕಿನ ಅಳತೆಪಟ್ಟಿ. ಅದರ ಕೆಳಗೆ ಚಿಕ್ಕ ಚಿಕ್ಕ ಲಕೋಟೆಗಳು, ಹೂವಿನ ಬೀಜ ಹಾಕಿಡುವಂಥವು.

ಮೊದಲನೆಯದನ್ನು ತೆರೆದು ಬಗ್ಗಿಸಿದೆ. ಅಂಗೈ ಮೇಲೆ ರಟ್ಟಿನ ಸಣ್ಣ ಎಳೆಗಳು ಬಿದ್ದವು. ಉಗುರಿನ ಚೂರುಗಳಷ್ಟು ತೆಳು. ಒಂದು ಎಳೆಯ ಒಂದು ಬದಿ ಕಂದು, ಇನ್ನೊಂದು ಬದಿ ಬಿಳಿ.

ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ರಾಡಿಗನ್, ಬಲ. ಮೈಲೊನ ಅಕ್ಷರ. ನನ್ನ ದಿನಸಿ ಚೀಟಿಯ ಕೊನೆಯಲ್ಲಿ 'ಬೆಣ್ಣೆ' ಎಂದು ಸೇರಿಸುತ್ತಿದ್ದ ಅದೇ ಅಕ್ಷರ.

ಲಕೋಟೆಗಳನ್ನು ಎಣಿಸಿದೆ. ಹನ್ನೆರಡು.

ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅಡುಗೆಮನೆಯ ಪಕ್ಕದ ಬಟ್ಟೆ ಒಗೆಯುವ ಯಂತ್ರ ನಿಂತು ಸದ್ದು ಮಾಡಿದಾಗ ಎದ್ದೆ.

ಏಪ್ರಿಲ್ 13

ಹನ್ನೆರಡು.

ಏಪ್ರಿಲ್ 14, ಗರಿಗಳ ಭಾನುವಾರ

ಚರ್ಚಿಗೆ ಹೋಗಲಿಲ್ಲ. ಮೈಲೊ ಹದಿನೈದು ವರ್ಷ ಅಲ್ಲಿ ಕಾಣಿಕೆಯ ಬುಟ್ಟಿ ಹಿಡಿದು ಸಾಲಿಂದ ಸಾಲಿಗೆ ನಡೆದವನು. ಇವತ್ತು ಆ ಬುಟ್ಟಿಯನ್ನು ಯಾರ ಕೈಯಲ್ಲಿ ನೋಡಿದ್ದರೂ ನನ್ನಿಂದ ಆಗುತ್ತಿರಲಿಲ್ಲ.



ಏಪ್ರಿಲ್ 21, ಈಸ್ಟರ್

ರೆನಾಟಾ ಬಂದಿದ್ದಳು. ಹ್ಯಾಮ್ ಮಾಡಿದ್ದೆ. ಹಣ್ಣಿನ ಜಾಮು ತುಂಬಿದ ಕೊಲಾಚೆ ಬನ್ನು ಮಾಡಲು ಮನಸ್ಸಾಗಲಿಲ್ಲ, ಬೇಕರಿಯಿಂದ ತಂದೆ.

ಊಟವಾದ ಮೇಲೆ ತಟ್ಟೆ ಒರೆಸುತ್ತಿದ್ದಾಗ ಹೇಳಿದೆ. ಡಬ್ಬಿಯನ್ನು ಮೇಲೆ ತಂದು ತೋರಿಸಿದೆ. ನಿಮ್ಮಪ್ಪ ಕಾರ್ಡುಗಳ ಸವೆದ ಅಂಚು ಕತ್ತರಿಸಿ ಹೊಸದರಂತೆ ಮಾಡಿ ಜೀನ್‌ಗೆ ಮಾರಿದ್ದಾರೆ, ಹನ್ನೊಂದು ಸಲ. ಇಷ್ಟೇ ಹೇಳಿದೆ. ಅವಳು ಚೀರುತ್ತಾಳೆ ಎಂದುಕೊಂಡಿದ್ದೆ.

"ಅಮ್ಮಾ," ಎಂದಳು ಮೆಲ್ಲಗೆ, "ನಾನು ನೋಡಿದ್ದೆ."

ಹದಿನೈದು ವರ್ಷದವಳಿದ್ದಾಗ ಅಂಟು ಹುಡುಕಿಕೊಂಡು ಕೆಳಗಿಳಿದಿದ್ದಳಂತೆ. ಅವನು ಗಾಜಿನ ಮೇಲೆ ಬಗ್ಗಿದ್ದನಂತೆ. ಇವಕ್ಕೆ ಕ್ಷೌರ ಮಾಡ್ತಿದೀನಿ ಎಂದು ನಕ್ಕನಂತೆ. ಅಮ್ಮನಿಗೆ ಹೇಳಬೇಡ ಎಂದೂ ಅಂದನಂತೆ. ತಪ್ಪೆಂದು ಆಗ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ವಯಸ್ಸಿಗೆ ಮರೆತಿದ್ದಳು.

ಮರೆತಿದ್ದೆ ಎಂದಾಗ ನನ್ನ ಮುಖ ನೋಡಲಿಲ್ಲ.

ಈಗ ಯಾರಿಗೂ ಏನೂ ಹೇಳಬೇಡ ಎಂದಳು. ಜೀನ್ ತನ್ನ ಪಾಡಿಗೆ ಕಳಿಸಲಿ, ಕಂಪನಿಯವರು ಏನು ಹೇಳುತ್ತಾರೋ ಹೇಳಲಿ, ಯಾರು ಕತ್ತರಿಸಿದರೆಂದು ಅದರ ಮೇಲೆ ಬರೆದಿರುವುದಿಲ್ಲವಲ್ಲ. ಅಪ್ಪ ಸತ್ತಾಯಿತು, ಹೆಸರಾದರೂ ಉಳಿಯಲಿ.

ನಾನು ತಟ್ಟೆಗಳನ್ನು ಕಪಾಟಿನಲ್ಲಿಟ್ಟೆ. ನಲವತ್ತಮೂರು ವರ್ಷ ಒಂದೇ ಸೂರಿನಡಿ ಇದ್ದೆ. ಗೊತ್ತಿಲ್ಲದವಳು ನಾನೊಬ್ಬಳೇ.

ಏಪ್ರಿಲ್ 27, ಶನಿವಾರ

ಫೋನು ಎತ್ತದೆ ಇದ್ದದ್ದಕ್ಕೆ ಜೀನ್ ಮನೆಗೇ ಬಂದುಬಿಟ್ಟ. ಕೈಯಲ್ಲಿ ಬ್ರೆಡ್ಡಿನ ಚೀಲದ ತುಂಬ ಕಾಡಣಬೆ. ನದಿಯ ಆಚೆ, ಸತ್ತ ಎಲ್ಮ್ ಮರಗಳ ಬುಡದಲ್ಲಿ ಸಿಕ್ಕಿದವಂತೆ. ಆ ಜಾಗ ಇಬ್ಬರಿಗೇ ಗೊತ್ತಿದ್ದದ್ದು, ಅವನಿಗೆ ಮತ್ತು ಮೈಲೊಗೆ.

ಜ್ವರ ಬಂದಿತ್ತು ಎಂದೆ. ನಂಬಿದ. ಜಗಲಿಯ ಮೇಲೆ ಕೂತು ಮಾತಾಡಿದ. ಹೆಂಡತಿ ಬಿಟ್ಟುಹೋದ ವರ್ಷ ಅಂಗಡಿಯ ಬಾಗಿಲು ತೆಗೆಯಲೂ ಬೇಜಾರಾಗಿ ಒಳಗೇ ಮಲಗಿರುತ್ತಿದ್ದನಂತೆ. ಮೈಲೊ ಬಂದು ಗಾಜು ತಟ್ಟುತ್ತಿದ್ದ. ತೆಗೆಯದಿದ್ದರೆ ಹೊರಗೆ ಕಾಲುದಾರಿಯ ಮೇಲೇ ಕೂತು ಪೇಪರ್ ಓದುತ್ತಿದ್ದ, ತೆಗೆಯುವವರೆಗೂ. ಹಿಮ ಬೀಳುವಾಗಲೂ.

ಇದನ್ನು ಮೈಲೊ ನನಗೆ ಯಾವತ್ತೂ ಹೇಳಿರಲಿಲ್ಲ. ಇದನ್ನೂ.

ಟ್ಯೂಸಾನ್‌ನಲ್ಲಿ ಮಗಳ ಮನೆಯಿಂದ ಎರಡೇ ಬೀದಿ ದೂರದಲ್ಲಿ ಒಂದು ಪುಟ್ಟ ಮನೆ ಗೊತ್ತುಮಾಡಿದ್ದಾನೆ. ಮುಂಗಡವನ್ನೂ ಕೊಟ್ಟಾಗಿದೆ. ಬರುವ ವಾರ ಕಾರ್ಡುಗಳನ್ನು ಕಳಿಸಿಬಿಡೋಣ ಎಂದ. ನಾನು ಚೀಲದೊಳಗಿನ ಅಣಬೆಗಳನ್ನೇ ನೋಡುತ್ತಿದ್ದೆ.

ಅವನು ಹೋದ ಮೇಲೆ ಬೆಣ್ಣೆಯಲ್ಲಿ ಹುರಿದೆ. ಹಾಗೇ ಮುಚ್ಚಿಟ್ಟೆ.

ಏಪ್ರಿಲ್ 30, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಹತ್ತಕ್ಕೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ತಗಡಿನ ಡಬ್ಬಿಯನ್ನು ಗಾಜಿನ ಮೇಲಿಟ್ಟೆ. ಲಕೋಟೆಗಳನ್ನು ಸಾಲಾಗಿ ಇಟ್ಟೆ, ಅಷ್ಟೇ.

ಜೀನ್ ಹೆಸರುಗಳನ್ನು ಓದಿದ. ಒಳಗೆ ಹೋಗಿ ಉಕ್ಕಿನ ಪೆಟ್ಟಿಗೆ ತಂದ. ಒಂದು ಕಾರ್ಡನ್ನು ಚೀಲದಿಂದ ತೆಗೆದು ಅದರ ಲಕೋಟೆಯ ಎಳೆಯನ್ನು ಚಿಮಟದಲ್ಲಿ ಎತ್ತಿ ಅಂಚಿಗೆ ಹಿಡಿದ. ಪೊರೆ ಬಂದ ಕಣ್ಣಿಗೆ ಸರಿಯಾಗಿ ಕಾಣದೆ ಎರಡು ಸಲ ಬಿದ್ದಿತು. ಮೂರನೆಯ ಸಲ ಕೂತುಕೊಂಡಿತು. ಕಾರ್ಡಿನ ಮೇಲಿದ್ದ ಒಂದು ಸಣ್ಣ ಕಲೆ ಎಳೆಯ ಮೇಲೂ ಮುಂದುವರಿದಿತ್ತು.

ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವನು ಮೈಲೊನ ಕುರ್ಚಿಯ ಮೇಲೆ ಕೂತುಬಿಟ್ಟ.

"ಇಷ್ಟು ವರ್ಷ ಈ ವ್ಯಾಪಾರದಲ್ಲಿದೀನಿ," ಎಂದ. "ಬೇರೆ ಯಾರೇ ತಂದ್ರೂ ಅಳತೆಪಟ್ಟಿ ಹಿಡೀದೆ ಮುಟ್ತಿರ್ಲಿಲ್ಲ. ಸ್ನೇಹಿತನ ಕಾರ್ಡಿಗೆ ಯಾರಾದ್ರೂ ಅಳತೆಪಟ್ಟಿ ಹಿಡೀತಾರಾ?"

ಬೂಟಿನ ಡಬ್ಬಿಯ ಸವೆದ ಕಾರ್ಡುಗಳು ಜೀನ್‌ನ ಅಪ್ಪನವಂತೆ. ಅಪ್ಪ ಹುಡುಗನಾಗಿದ್ದಾಗ ಕೂಡಿಟ್ಟದ್ದು. ಒಂಬತ್ತನೆಯ ಕಾರ್ಡಿಗೆ ಬದಲಾಗಿ ಮೈಲೊ ಅವನ್ನು ಕೇಳಿ ಪಡೆದಿದ್ದ. ಯಾಕೆ ಕೇಳಿದನೆಂದು ಈಗ ಇಬ್ಬರಿಗೂ ಗೊತ್ತು: ಸರಿಯಾದ ಅಳತೆ ಅವನ ಕಣ್ಣೆದುರು ಇರಬೇಕಿತ್ತು.

ಅವನ್ನು ವಾಪಸ್ಸು ತರುತ್ತೇನೆ ಎಂದೆ.

"ನೀವು ಬರ್ದೇ ಇದ್ದಿದ್ರೆ ಚೆನ್ನಾಗಿತ್ತು, ವರ್ನಾ," ಎಂದ. "ಈಗ ಹೋಗಿ."

ಮೇ 7

ಬೂಟಿನ ಡಬ್ಬಿಯನ್ನು ಅಂಗಡಿಯ ಬಾಗಿಲಲ್ಲಿಟ್ಟು ಬಂದೆ. ದೀಪ ಉರಿಯುತ್ತಿತ್ತು. ಬಾಗಿಲು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಕಾರಿನಲ್ಲಿ ಕೂತಿದ್ದೆ.

ಮೈಲೊನ ಮೇಲೆ ಸಿಟ್ಟು ಬರುತ್ತದೆ ಎಂದು ಕಾಯುತ್ತಿದ್ದೇನೆ. ಬರುವುದು ಬೇರೆ ಏನೋ. ಅಂಗಿಗಳನ್ನು ಚರ್ಚಿಗೆ ಕೊಡಲು ಮಡಚುತ್ತಿದ್ದವಳು ಒಂದರ ಜೇಬಿನೊಳಗೆ ಕೈ ಹಾಕಿ, ಇನ್ನೇನು ಸಿಗುತ್ತದೋ ಎಂದು ಹೆದರಿ ಹಿಂದೆ ತೆಗೆದೆ. ಆಮೇಲೆ ಎಲ್ಲ ಜೇಬುಗಳನ್ನೂ ನೋಡಿದೆ. ಪುದೀನ ಪೆಪ್ಪರಮೆಂಟು, ಅಷ್ಟೇ.

ಮೇ 10, ಶುಕ್ರವಾರ

ಜೀನ್ ಬಂದಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಇಸ್ತ್ರಿ ಮಾಡಿದ ಅಂಗಿ. ಒಳಗೆ ಬಂದು ಅಡುಗೆಮನೆಯಲ್ಲಿ ಕೂತ. ಕಾಫಿ ಕೊಟ್ಟೆ. ನೇರವಾಗಿ ವಿಷಯಕ್ಕೆ ಬಂದ.

"ಪರೀಕ್ಷೆ ಮಾಡೋರೂ ಮನುಷ್ಯರೇ. ದಿನಕ್ಕೆ ನೂರಾರು ಕಾರ್ಡು ನೋಡ್ತಾರೆ. ಮೈಲೊನ ಕೆಲ್ಸ ಅಷ್ಟು ನಯ. ಹನ್ನೆರಡು ಕಳ್ಸಿದ್ರೆ ನಾಲ್ಕೈದಾದ್ರೂ ದರ್ಜೆ ಹಾಕ್ಕೊಂಡು ವಾಪಸ್ ಬರ್ತವೆ. ಅಷ್ಟು ಸಾಕು ನಂಗೆ."

ಲಕೋಟೆಗಳು ಬೇಕೇ ಎಂದು ಕೇಳಿದೆ. ಅವನ್ನು ನಾನು ಅವತ್ತು ಡಬ್ಬಿಯ ಸಮೇತ ವಾಪಸ್ಸು ತಂದಿದ್ದೆ.

"ಬೇಡ. ಸುಟ್ಹಾಕಿ. ನೀವೂ ನೋಡಿಲ್ಲ, ನಾನೂ ನೋಡಿಲ್ಲ."

ಈ ಮನುಷ್ಯನಿಗೆ ಅನ್ಯಾಯವಾಗಿದೆ ಎಂದು ಒಂದು ತಿಂಗಳಿಂದ ಊಟ ಬಿಟ್ಟಿದ್ದೆ. ಅವನೇ ನನ್ನ ಮೇಜಿನ ಮುಂದೆ ಕೂತು, ಮೈಲೊ ಮಾಡಿದ್ದನ್ನೇ ಮಾಡೋಣ ಎನ್ನುತ್ತಿದ್ದಾನೆ. ಕಾಫಿಗೆ ಸಕ್ಕರೆ ಕಲಕುತ್ತ.

"ದರ್ಜೆ ಬಂದ ಮೇಲೆ ಅದನ್ನ ಕೊಳ್ಳೋರು ಯಾರು, ಜೀನ್?"

"ಯಾರೋ. ನಮ್ಗೆ ಗೊತ್ತಿಲ್ಲದೋರು."

"ಮೈಲೊಗೆ ನಿಮ್ಮ ಮುಖ ಗೊತ್ತಿತ್ತು. ಆದ್ರೂ ಮಾಡ್ದ. ಕತ್ತರಿಸೋವಾಗ ನಿಮ್ಮನ್ನೂ ಯಾರೋ ಅಂತ ಅಂದ್ಕೊಂಡಿರ್ಬೇಕು. ಇಲ್ದಿದ್ರೆ ಕೈ ಬರ್ತಿರ್ಲಿಲ್ಲ."

ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಬಾಯಿಗೆ ಬಂತು.

ಅವನು ಚಮಚ ಕೆಳಗಿಟ್ಟ. ಹನ್ನೊಂದೂ ನಿಮ್ಮವು, ಕಳಿಸುವುದಾದರೆ ಕಳಿಸಿ, ನಾನು ತಡೆಯಲಾರೆ ಎಂದೆ. ರಾಡಿಗನ್ ಕಳಿಸುವುದಿಲ್ಲ. ಲಕೋಟೆಗಳನ್ನು ಸುಡುವುದಿಲ್ಲ. ಯಾರಾದರೂ ಬಂದು ಕೇಳಿದರೆ ತೋರಿಸುತ್ತೇನೆ.

"ನಿಮ್ಗೇನು ವರ್ನಾ," ಎಂದ ಎದ್ದು ನಿಂತು. "ನೀವು ಟ್ಯೂಸಾನ್‌ಗೆ ಹೋಗ್ಬೇಕಾಗಿಲ್ಲ."

ಕಾಫಿ ಕುಡಿಯದೆ ಹೋದ.

ಮೇ 11

ನಿನ್ನೆ ಅವನು ಹೇಳಿದ್ದೂ ಸರಿಯೇ. ನನಗೇನು.

ಮೇ 16, ಗುರುವಾರ

ಮಧ್ಯಾಹ್ನ ಫೋನು ಬಂತು. ಒಂದೇ ಮಾತು: "ಅಂಗಡಿಗೆ ಬನ್ನಿ. ರಾಡಿಗನ್‌ನೂ ತಗೊಂಡ್ ಬನ್ನಿ."

ಕಳಿಸಿಬಿಟ್ಟಿದ್ದಾನೆ ಎಂದೇ ಅಂದುಕೊಂಡು ಹೋದೆ. ಮುಂದಿನ ಗಾಜಿನ ಕಪಾಟಿನಲ್ಲಿ, ಒಳ್ಳೆಯ ಕಾರ್ಡುಗಳನ್ನಿಡುವ ಮೇಲಿನ ಸಾಲಿನಲ್ಲಿ ಹನ್ನೊಂದೂ ಇದ್ದವು. ಮುಂದೆ ಅವನದೇ ದಪ್ಪ ಅಕ್ಷರದ ಚೀಟಿ: ಅಸಲಿ ಕಾರ್ಡುಗಳು. ಅಂಚು ಕತ್ತರಿಸಲಾಗಿದೆ. ದರ್ಜೆಗೆ ಕಳಿಸಿದರೆ ಶುಲ್ಕ ದಂಡ. ಬೆಲೆ ಅದಕ್ಕೆ ತಕ್ಕ ಹಾಗೆ.

ಸೋಮವಾರ ಪೆಟ್ಟಿಗೆ ಕಟ್ಟಿ, ವಿಳಾಸ ಬರೆದು, ಅಂಚೆ ಕಚೇರಿಯ ಸಾಲಿನಲ್ಲಿ ಅರ್ಧ ಗಂಟೆ ನಿಂತಿದ್ದನಂತೆ. ಕಿಟಕಿಯ ಹೆಂಗಸು ಒಳಗೇನಿದೆ ಎಂದು ಕೇಳಿದಳಂತೆ. ಬರೀ ಅಭ್ಯಾಸದ ಪ್ರಶ್ನೆ, ಎಲ್ಲರಿಗೂ ಕೇಳುವಂಥದ್ದು. ಉತ್ತರ ಹೊರಡಲಿಲ್ಲ, ಪೆಟ್ಟಿಗೆ ಎತ್ತಿಕೊಂಡು ಬಂದೆ ಎಂದ. ಇಷ್ಟು ಹೇಳಿ, ಇದರ ಬಗ್ಗೆ ಇನ್ನು ಮಾತು ಬೇಡ ಎಂಬಂತೆ ಕೈ ಬೀಸಿದ.

ಟ್ಯೂಸಾನ್‌ನ ಪುಟ್ಟ ಮನೆ ಬಿಟ್ಟುಕೊಟ್ಟಿದ್ದಾನೆ. ಮುಂದಿನ ವರ್ಷ ನೋಡೋಣ, ಅಷ್ಟರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯಾದರೂ ಆಗಲಿ ಎಂದ.

ರಾಡಿಗನ್‌ನನ್ನು ಹನ್ನೆರಡನೆಯವನಾಗಿ ನಾನೇ ಇಟ್ಟೆ. ಅಷ್ಟರಲ್ಲಿ ಯಾರೋ ಒಬ್ಬಳು ಅಜ್ಜನ ಆಲ್ಬಮ್ ಹಿಡಿದು ಬಂದಳು, ಪರೀಕ್ಷೆಗೆ ಕಳಿಸಬಹುದೇ ಎಂದು. ಜೀನ್ ಭೂತಗನ್ನಡಿಯನ್ನು ನನ್ನ ಕಡೆ ತಳ್ಳಿದ. ಹದಿನೆಂಟು ನೋಡಿದೆ. ಎರಡು ಕಳಿಸಬಹುದು, ಒಂದರ ಹಿಂದೆ ಅಂಟು ಕೆರೆದ ಗುರುತಿದೆ, ಉಳಿದವನ್ನು ಆಲ್ಬಮ್‌ನಲ್ಲೇ ಇಟ್ಟುಕೊಳ್ಳಲಿ ಎಂದೆ. ಆ ಕುರ್ಚಿಯಲ್ಲಿ ಕೂತೇ ನೋಡಿದೆ. ನಿಂತು ನೋಡಿದರೆ ಬೆನ್ನು ನೋಯುತ್ತದೆ.

ಮೇ 23, ಗುರುವಾರ

ಅಂಗಡಿ. ಮೂವರು ಬಂದರು. ಒಬ್ಬನ ಕಾರ್ಡು ಪೂರ್ತಿ ನಕಲಿ, ಈಚಿನ ಮುದ್ರಣ. ಹೇಳಿದಾಗ ಅವನ ಮುಖ ನೋಡಿದೆ. ಅದು ಹೇಗಿರುತ್ತದೆಂದು ನನಗೆ ಗೊತ್ತು. ಕಾಫಿ ಕೊಟ್ಟೆ.

ಜೂನ್ 13, ಗುರುವಾರ

ಇವತ್ತಿನದನ್ನು ಬರೆದೇ ಊಟ ಮಾಡಬೇಕು.

ಡ್ಯುಬ್ಯೂಕ್‌ನಿಂದ ಒಬ್ಬ ಮುದುಕ ಬಂದಿದ್ದ. ರೈಲ್ವೆಯಲ್ಲಿದ್ದವನಂತೆ, ಕಾರ್ಡುಗಳನ್ನು ಐವತ್ತು ವರ್ಷದಿಂದ ಕೂಡಿಡುತ್ತಿದ್ದಾನೆ. ಕಪಾಟಿನ ಮುಂದೆ ಬಗ್ಗಿ ಚೀಟಿಯನ್ನು ಎರಡು ಸಲ ಓದಿದ. ಹನ್ನೆರಡನ್ನೂ ಒಂದೊಂದಾಗಿ ತೆಗೆಸಿ ನೋಡಿದ. ಹೀಗೆ ಬರೆದು ಮಾರುವ ಅಂಗಡಿಯನ್ನು ನಾನು ನೋಡಿಲ್ಲ ಎಂದ. ಆಮೇಲೆ ರಾಡಿಗನ್‌ನನ್ನು ಹಿಡಿದುಕೊಂಡೇ ಕೇಳಿದ: "ಯಾರು ಕತ್ತರಿಸಿದ್ದು ಇವನ್ನ?"

ಜೀನ್ ಬೆನ್ನು ತಿರುಗಿಸಿ ಅಂಟುಪಟ್ಟಿ ಹುಡುಕತೊಡಗಿದ. ಅಂಟುಪಟ್ಟಿ ಅವನೆದುರೇ ಇತ್ತು.

ಯಾವುದೋ ಹಳೆಯ ಸಂಗ್ರಹದ್ದು, ಗೊತ್ತಿಲ್ಲ ಎನ್ನಬಹುದಿತ್ತು. ಜೀನ್ ಅದನ್ನೇ ಹೇಳುತ್ತಿದ್ದನೇನೋ. ರೆನಾಟಾ ಆಗಿದ್ದರೆ ಖಂಡಿತ ಹಾಗೇ ಹೇಳುತ್ತಿದ್ದಳು. ನನ್ನ ಧ್ವನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

"ನನ್ನ ಗಂಡ," ಎಂದೆ. "ಮೈಲೊ ಸ್ಟೊಡೊಲಾ. ಇಗೋ, ಹನ್ನೊಂದನ್ನ ಇವರಿಗೇ ಮಾರಿದ್ದು, ಮುಟ್ಟದೇ ಇರೋ ಕಾರ್ಡು ಅಂತ ಹೇಳಿ. ಇವರ ಜೀವದ ಗೆಳೆಯ."

ಮುದುಕ ನನ್ನನ್ನು ನೋಡಿದ, ಜೀನ್‌ನ ಬೆನ್ನನ್ನು ನೋಡಿದ. ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ.

"ಬಲಗಡೆ ನೋಡಿ," ಎಂದೆ. "ಮೇಲಿಂದ ಕೆಳಗಿನವರೆಗೆ ಎಲ್ಲೂ ಕೈ ನಡುಗಿಲ್ಲ."

ಅವನು ಬಗ್ಗಿ ನೋಡಿದ. ಜೀನ್ ಕೂಡ ತಿರುಗಿ, ಹತ್ತಿರ ಬಂದು, ಅವನ ಹೆಗಲ ಮೇಲಿಂದ ನೋಡಿದ.